ಮಗ್ಗುಲಾಗಮ್ಮಿ

ಜೂನ್ 9, ಸೋಮವಾರ

ಇವತ್ತು ಯಾವ ಮಗ್ಗುಲಲ್ಲಿ ಎದ್ದೆನೋ, ಬೆಳಗ್ಗೆಯಿಂದ ಎಲ್ಲರ ಮೇಲೂ ಸಿಟ್ಟು. ಹಾಲಿನವಳ ಮೇಲೆ, ಹತ್ತದ ಸ್ಟವ್ ಮೇಲೆ. ಅತ್ತೆಯ ಮೇಲಂತೂ ಕೇಳುವುದೇ ಬೇಡ.

ರಾತ್ರಿ ನಿದ್ದೆ ಹೇಗೆ ಬಂತು ಅಂತ ದಿನಾ ಒಂದೆರಡು ಸಾಲು ಬರೆದಿಡಿ ಎಂದರು ಚಾಮರಾಜನಗರದ ಡಾಕ್ಟರು. ಒಂದೆರಡು ಸಾಲಂತೆ! ಅಂಗನವಾಡಿಯಲ್ಲಿ ರಿಜಿಸ್ಟರ್ ಬರೆದು ಬರೆದು ಸವೆದ ಕೈ ಇದು. ಮಕ್ಕಳ ತೂಕ, ಎತ್ತರ, ಮೊಟ್ಟೆ, ಹಾಲಿನ ಪುಡಿ, ಬಸುರಿಯರ ಹೆಸರು, ಎಲ್ಲ ಬರೆದಿದ್ದೇನೆ. ನನ್ನ ವಿಷಯ ಬರೆದದ್ದೇ ಇಲ್ಲ. ಡಾಕ್ಟರಿಗೆ ಬೇರೆ ಹಾಳೆಯಲ್ಲಿ 'ಬಂತು', 'ಬರಲಿಲ್ಲ' ಅಂತ ಗೀಚಿ ಕೊಟ್ಟರಾಯಿತು. ಈ ಪುಸ್ತಕ ನನಗೆ.

ನಡೆದದ್ದು ಇಷ್ಟು. ಹೋದ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಮಕ್ಕಳಿಗೆ ಅನ್ನ ಸಾಂಬಾರು ಆಗಿ, ಚಾಪೆ ಹಾಸಿ ಮಲಗಿಸಿದ್ದೆ. ಸಹಾಯಕಿ ಪುಟ್ಟಮಲ್ಲಮ್ಮ ಪಾತ್ರೆ ತೊಳೆಯಲು ಹಿಂದಕ್ಕೆ ಹೋಗಿದ್ದಳು. ನಾನು ಗೋಡೆಗೆ ಒರಗಿ ಕೂತೆ. ಕಣ್ಣು ಮುಚ್ಚಿದ್ದು ಗೊತ್ತಿಲ್ಲ, ತೆರೆದದ್ದು ಕೂಗಾಟಕ್ಕೆ. ಎಳನೀರಿನ ಗಾಡಿಯವನು ಮೂರು ವರ್ಷದ ಅಫ್ರೀನಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಮಗು ಊಟಿ ರಸ್ತೆಯ ನಟ್ಟನಡುವಿನ ಬಿಳಿ ಗೆರೆಯ ಮೇಲೆ ನಿಂತಿತ್ತಂತೆ. ಲಾರಿಯವನೊಬ್ಬ ಬ್ರೇಕ್ ಹಾಕಿ ಬಾಯಿಗೆ ಬಂದಂತೆ ಬೈದು ಹೋದನಂತೆ. ಅವನು ಬ್ರೇಕ್ ಹಾಕದಿದ್ದರೆ ಎಂಬುದನ್ನು ನಾನು ಬರೆಯುವುದಿಲ್ಲ.

ಅಫ್ರೀನಳ ಅಜ್ಜಿ ಕುಲ್ಸುಂ ಬಿ. ಗುಂಡ್ಲುಪೇಟೆ ಬಜಾರಿನಲ್ಲಿ ಬಳೆ ಅಂಗಡಿ. ನನ್ನ ಮದುವೆಗೆ ಬಳೆ ತೊಡಿಸಿದವರು ಅವರೇ. ಓಡಿಬಂದು ಮಗುವನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದರು. "ನಿದ್ದೆ ಬೇಕಂದ್ರೆ ಮನೇಲಿ ಮಾಡಮ್ಮ ಮಿಸ್ಸು," ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಸೂಪರ್‌ವೈಸರ್ ಮೇಡಂ ಬಂದರು. ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ, ಅಲ್ಲಿಯವರೆಗೆ ಪಕ್ಕದ ಕೇಂದ್ರದವರು ನೋಡಿಕೊಳ್ಳುತ್ತಾರೆ ಎಂದರು. ಡಾಕ್ಟರು ಒಂದು ರಾತ್ರಿ ಮೂಗಿಗೆ, ಬೆರಳಿಗೆ ವೈರು ಕಟ್ಟಿ ಮಲಗಿಸಿದರು. ನಿದ್ದೆಯಲ್ಲಿ ನಿಮ್ಮ ಉಸಿರು ನಿಂತು ನಿಂತು ಹೋಗುತ್ತಿದೆ, ರಾತ್ರಿಯೆಲ್ಲ ಮೈ ಎಚ್ಚರವಿದ್ದು ಹಗಲು ಬಿದ್ದುಹೋಗುತ್ತದೆ ಎಂದರು. ಅದಕ್ಕೆ ಸಿಪ್ಯಾಪ್ ಎಂಬ ಮಿಷನ್ನು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗಿದರೆ ಅದು ಗಾಳಿ ತಳ್ಳಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ನೀವು ಹಾಕಿಕೊಂಡಿರೋ ಇಲ್ಲವೋ ಮಿಷನ್ನೇ ಚಾಡಿ ಹೇಳುತ್ತದಂತೆ. ಅದು ಹೌದೆಂದರೆ ಮಾತ್ರ ಕಾಗದ. ಕಾಗದ ಬಂದರೆ ಮಾತ್ರ ನನ್ನ ಮಕ್ಕಳು.

ನನ್ನನ್ನು ಕೇಳಿದರೆ ನನ್ನ ನಿದ್ದೆ ಕೆಡಿಸಲು ಬೇರೆ ರೋಗ ಬೇಕಿಲ್ಲ, ನಮ್ಮತ್ತೆ ರಾಚಮ್ಮ ಸಾಕು. ನಮ್ಮೆಜಮಾನರು ನಾಗೇಂದ್ರ ಅರಣ್ಯ ಇಲಾಖೆಯ ಜೀಪಿನ ಡ್ರೈವರು, ವಾರದಲ್ಲಿ ಹೆಚ್ಚು ರಾತ್ರಿ ಬಂಡೀಪುರದಲ್ಲೇ. ಮಾವ ತೀರಿಕೊಂಡ ಮೇಲೆ ಅತ್ತೆ ತಮ್ಮ ಹಾಸಿಗೆಯನ್ನು ನನ್ನ ಕೋಣೆಗೆ ತಂದರು. ಅವತ್ತಿನಿಂದ ಶುರು. ನನಗೆ ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಪಕ್ಕೆಗೆ ತಿವಿಯುತ್ತಾರೆ. "ಮಗ್ಗುಲಾಗಮ್ಮಿ." ಆದೆ. ಮತ್ತೆ ತಿವಿತ. "ಮಗ್ಗುಲಾಗಮ್ಮಿ." ಇಷ್ಟು ವರ್ಷ ತಿವಿಸಿಕೊಂಡರೆ ಎಂಥವಳಿಗೂ ಹಗಲು ತೂಕಡಿಕೆ ಬರುತ್ತದೆ. ಇದನ್ನು ಡಾಕ್ಟರಿಗೆ ಹೇಳೋಣ ಅಂತ ಬಾಯಿತುದಿಗೆ ಬಂದಿತ್ತು. ಆದರೆ ಪುಣ್ಯಾತ್ಗಿತ್ತಿ ನನ್ನ ಪಕ್ಕದಲ್ಲೇ ಕೂತಿದ್ದರು.

ಜೂನ್ 11, ಬುಧವಾರ

ನಿನ್ನೆ ಮಾಸ್ಕ್ ತರಲು ಹೋಗಿದ್ದೆವು. ತೆರಕಣಾಂಬಿ ಮೇಲೆ ಹೋಗುವ ಬಸ್ಸು, ಕೂರಲು ಸೀಟಿಲ್ಲ. ನಿಂತುಕೊಂಡೇ ತೂಕಡಿಸಿದೆ, ನಾಚಿಕೆ.

ಚಾಮರಾಜನಗರದಲ್ಲಿ ತೌಸಿಫ್ ಎಂಬವರ ಅಂಗಡಿ. ಗಾಲಿಕುರ್ಚಿ, ವಾಕರ್, ಆಕ್ಸಿಜನ್ ಸಿಲಿಂಡರು, ಗೋಡೆಯ ಮೇಲೆ ಸಾಲಾಗಿ ತೂಗುಬಿಟ್ಟ ಮಾಸ್ಕುಗಳು. ಮೂವತ್ತೈದು ದಾಟಿರಲಿಕ್ಕಿಲ್ಲ ಅವರಿಗೆ, ತುಂಬ ಮರ್ಯಾದಸ್ಥ. ನೆಲ ನೋಡಿಕೊಂಡೇ ಕೇಳಿದರು.

"ಮೇಡಂ, ನೀವು ಹೆಂಗೆ ಮಲಗ್ತೀರಾ?"

"ಹಾಸಿಗೆ ಮೇಲೆ," ಎಂದೆ.

"ಅಲ್ಲ ಮೇಡಂ, ಅಂಗಾತನಾ, ಮಗ್ಗುಲಾ? ಅದ್ರ ಮೇಲೆ ಮಾಸ್ಕು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. "ಬಲ್ಮಗ್ಗುಲು ಕಣಪ್ಪ. ಎಡಕ್ಕ ಒಳ್ಳುದ್ರೂ ಜಾಸ್ತಿ ಒತ್ತು ಇರಕಿಲ್ಲ, ತಿರ್ಗ ಬಲಕ್ಕೇ ಬತ್ತಳೆ. ಅಂಗಾತ ಮನೀಕಂಡ್ರಂತೂ ಉಸ್ರೇ ಕಟ್ಟೋಯ್ತದೆ. ಅಂಗಾತ ಮನಗದು ಎಣ, ಮನುಸ್ರಲ್ಲ."

ನನ್ನ ನಿದ್ದೆಯ ವಿಷಯ ನನಗಿಂತ ಇವರಿಗೇ ಹೆಚ್ಚು ಗೊತ್ತು! ಅಂಗಡಿಗೆ ಬಂದ ಗಿರಾಕಿಗಳೆಲ್ಲ ಕೇಳಿಸಿಕೊಂಡರು.

ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡದನ್ನು ಕೊಟ್ಟರು. ಬಾಯಿ ತೆರೆದು ಮಲಗುವ ಅಭ್ಯಾಸವಿದ್ದರೆ ಇದರಿಂದ ಶುರು ಮಾಡುವುದು, ಸರಿಬರದಿದ್ದರೆ ತಂದು ಬದಲಾಯಿಸಿ ಎಂದರು. ಅಂಗಡಿಯಲ್ಲಿ ಕೂತು ಹಾಕಿಕೊಂಡಾಗ ಚೆನ್ನಾಗಿಯೇ ಇತ್ತು. ರಾತ್ರಿ ಬಲಕ್ಕೆ ಹೊರಳಿದೆ ನೋಡಿ, ದಿಂಬು ಮಾಸ್ಕನ್ನು ತಳ್ಳಿತು, ಮಾಸ್ಕು ಮೂಗನ್ನು ತಳ್ಳಿತು, ಸಂದಿಯಿಂದ ಗಾಳಿ ನುಗ್ಗಿ ಸೀದಾ ಬಲಗಣ್ಣಿಗೆ. ರಾತ್ರಿಯಿಡೀ ಯಾರೋ ಕಣ್ಣಿನ ಕಸ ಊದುತ್ತಿದ್ದ ಹಾಗೆ. ಪಟ್ಟಿ ಬಿಗಿ ಮಾಡಿದೆ, ಕೆನ್ನೆ ಉರಿ. ಸಡಿಲ ಮಾಡಿದೆ, ಪುಸ್ ಪುಸ್ ಸದ್ದು. ಕೊನೆಗೆ ಕಿತ್ತು ಬಿಸಾಕಿದೆ. ಆಮೇಲೆ ತಿವಿತ ಶುರು.

ಜೂನ್ 12, ಗುರುವಾರ

ಅದೇ. ತಲೆನೋವು.

ಜೂನ್ 14, ಶನಿವಾರ

ಇವರು ಬಂದಿದ್ದರು. ಮಾಸ್ಕ್ ಕಟ್ಟಿಕೊಂಡು ಕೂತಿದ್ದ ನನ್ನನ್ನು ಬಾಗಿಲಲ್ಲೇ ನಿಂತು ನೋಡಿ, "ಅವ್ವೋ, ಕಾಡ್ನಲ್ಲಿ ಆನೆ ಮರಿ ಒಂದು ಕಾಣ್ತಿಲ್ಲ ಅಂತ ಉಡುಕ್ತಾ ಅವ್ರೆ, ಇಲ್ಲೇ ಮಡಿಕಂಡಿದ್ದಿಯಾ?" ಎಂದರು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಪೈಪು ಕಿತ್ತು ಅವರ ಮೇಲೆ ಎಸೆದೆ. ಕಾಡಿನ ಆನೆಗಳನ್ನೇ ನೋಡಿಕೊಂಡು ಅಲ್ಲೇ ಇರಿ, ಇಲ್ಲಿಗೆ ಬರಬೇಡಿ ಎಂದೆ. ಮೊದಲು ತಮಾಷೆ ಅಂದುಕೊಂಡರು, ನಾನು ಅಳುತ್ತಿರುವುದು ನೋಡಿ ಪೈಪನ್ನು ಎತ್ತಿ ಮೇಜಿನ ಮೇಲಿಟ್ಟರು.

ಇವರಿಗೇನು ಗೊತ್ತು. ಬೆಳಗ್ಗೆ ಹತ್ತಕ್ಕೆ ಪಕ್ಕದ ಬೀದಿಯಲ್ಲಿ ಮಕ್ಕಳು ಪ್ರಾರ್ಥನೆ ಹೇಳುವುದು ನಮ್ಮ ಅಡುಗೆಮನೆಗೆ ಕೇಳುತ್ತದೆ. ಹೇಳಿಕೊಡುವ ದನಿ ಬೇರೆಯವರದು.

ಜೂನ್ 17, ಮಂಗಳವಾರ

ದೊಡ್ಡದನ್ನು ಹಿಂತಿರುಗಿಸಿ ಮೂಗಿಗಷ್ಟೇ ಕೂರುವುದನ್ನು ತಂದೆ. ಹಗುರ, ಒಪ್ಪಿಕೊಳ್ಳುತ್ತೇನೆ. ಆದರೆ ಪೈಪು ಮೂಗಿನ ಎದುರಿಂದಲೇ ಹೊರಡುತ್ತದೆ. ಬಲಕ್ಕೆ ಹೊರಳಿದರೆ ಪೈಪು ಮೈಯಡಿ ಸಿಕ್ಕಿ ಎಳೆಯುತ್ತದೆ. ಎಡಕ್ಕೆ ಹೊರಳಿದರೆ ಮಿಷನ್ನೇ ಮೇಜಿನಿಂದ ಬೀಳಬೇಕು. ಕಟ್ಟಿಹಾಕಿದ ಎಮ್ಮೆಗೂ ನನಗಿಂತ ಉದ್ದದ ಹಗ್ಗ ಇರುತ್ತದೆ.

ಇದರ ಮೇಲೆ ಅತ್ತೆಯ ಹರಳೆಣ್ಣೆ. ಮೈ ಉಷ್ಣವಾಗುತ್ತದೆ ಅಂತ ದಿನಾ ಮಲಗುವ ಮೊದಲು ನನ್ನ ನೆತ್ತಿಗೆ ತಟ್ಟುತ್ತಾರೆ. ಅದು ಹಣೆಗಿಳಿದು ಮೂಗಿಗಿಳಿದು, ಪಟ್ಟಿಯೂ ನಿಲ್ಲುವುದಿಲ್ಲ, ಮಾಸ್ಕೂ ನಿಲ್ಲುವುದಿಲ್ಲ. ಎಣ್ಣೆ ಬೇಡ ಅತ್ತೆ ಎಂದೆ. "ಗಾಳಿ ಮಿಸನ್ನು ಒಣುಗುಸ್ತದೆ, ಎಣ್ಣೆ ಬ್ಯಾಡ ಅಂದ್ರ ಯಂಗಮ್ಮಿ?" ಎಂದು ಇನ್ನೊಂದು ತಟ್ಟು ಹೆಚ್ಚಿಗೆ ತಟ್ಟಿದರು. ಯಾರಿಗೆ ಹೇಳಲಿ.

ಜೂನ್ 20, ಶುಕ್ರವಾರ

ತರಕಾರಿಗೆ ಹೋದವಳು ಬೇಕೆಂದೇ ಬಳೆ ಅಂಗಡಿಯ ಮುಂದೆ ಬಂದೆ. ಅಫ್ರೀನ್ ಒಳಗೆ ಬಳೆ ಡಬ್ಬದ ಮೇಲೆ ಕೂತಿದ್ದಳು. ನನ್ನನ್ನು ಕಂಡು "ಮಿಸ್ಸೂ!" ಎಂದು ಇಳಿದಳು. ಕುಲ್ಸುಂ ಬಿ ಅವಳ ಕೈ ಹಿಡಿದು ಮತ್ತೆ ಕೂರಿಸಿದರು.

"ಅಂಗನವಾಡಿಗೆ ಕಳಿಸ್ತಿಲ್ವಾ ಕುಲ್ಸುಂ ಬಿ? ಈಗ ಬೇರೆಯವರು ಇದಾರಲ್ಲ."

"ಕಳ್ಸಲ್ಲಮ್ಮ. ಇವಳ ಅಮ್ಮ ನನ್ನ ನಂಬಿ ಬಿಟ್ಟು ಕೆಲ್ಸಕ್ಕೆ ಹೋಗ್ತಾಳೆ. ನಾನು ನಿಮ್ಮನ್ನ ನಂಬಿದ್ದೆ. ಇನ್ನು ಯಾರ್ನ ನಂಬ್ಲಿ, ನೀವೇ ಹೇಳಿ."

ಸೊಪ್ಪು ತರುವುದನ್ನೂ ಮರೆತು ಮನೆಗೆ ಬಂದೆ. ಕೆಲಸ ಹೋದರೆ ಹೋಗಲಿ ಅಂತ ಒಂದೊಂದು ಸಲ ಅನಿಸುತ್ತದೆ. ಆದರೆ ಆ ಮಗು ಡಬ್ಬದ ಮೇಲೆ ಕೂತೇ ಬೆಳೆಯಬೇಕಾಯಿತಲ್ಲ, ಅದನ್ನು ಸಹಿಸಲಾಗುತ್ತಿಲ್ಲ.

ಜೂನ್ 24, ಮಂಗಳವಾರ

ಮೂರನೆಯ ಮಾಸ್ಕು. ಪೈಪು ನೆತ್ತಿಯ ಮೇಲಿಂದ ಹೋಗುತ್ತದೆ, ಯಾವ ಮಗ್ಗುಲಿಗೆ ಹೊರಳಿದರೂ ಎಳೆಯುವುದಿಲ್ಲ. ಮೂಗಿನ ತುದಿಗೆ ಕೆಳಗಿನಿಂದ ಒಂದು ಮೆತ್ತನೆ ತೊಟ್ಟಿಲು. ದಿಂಬಿನ ಅಂಚಿಗೆ ಮುಖ ತಂದುಕೊಳ್ಳಿ, ಮಾಸ್ಕು ಅಂಚಿನಿಂದಾಚೆ ಇರಲಿ ಎಂದು ತೌಸಿಫ್ ಹೇಳಿಕೊಟ್ಟರು. ಎಣ್ಣೆಯ ಜಗಳದಲ್ಲಿ ನಾನೇ ಗೆದ್ದೆ. ಎಲ್ಲ ಸರಿ.

ಎಲ್ಲ ಸರಿ ಇದ್ದೂ ಬಲ ಹೊಳ್ಳೆಯ ಹತ್ತಿರ ಸೋರುತ್ತದೆ. ಎಡಗಡೆ ಏನೂ ಇಲ್ಲ, ಬಲಗಡೆ ಮಾತ್ರ ಸಿಳ್ಳೆ. ಬೆಳಗ್ಗೆ ಬಲಮೂಗು ಕೆಂಪಗೆ ಊದಿಕೊಂಡಿರುತ್ತದೆ. ನನ್ನ ಮೂಗೇ ಸೊಟ್ಟ ಇರಬೇಕು.

ಜೂನ್ 27, ಶುಕ್ರವಾರ

ನಿದ್ದೆ ಇಲ್ಲ. ಅತ್ತೆಗೂ ಇಲ್ಲ, ಎದ್ದಾಗಲೆಲ್ಲ ಕೂತೇ ಇರುತ್ತಾರೆ. ನನ್ನನ್ನು ಕಾಯುವ ಪೊಲೀಸು. ಮಾತು ಬೇಡ ಅಂತ ಗೋಡೆಗೆ ತಿರುಗಿಕೊಂಡೆ.

ಜುಲೈ 1, ಮಂಗಳವಾರ

ಡಾಕ್ಟರು ಮಿಷನ್ನಿನ ಲೆಕ್ಕ ತೆಗೆದು ನೋಡಿದರು. "ಗಾಳಿ ಸೋರ್ತಾ ಇದೆಯಮ್ಮ. ಅರ್ಧ ರಾತ್ರಿಗೇ ತೆಗೆದಿಡ್ತೀರಿ. ಹಿಂಗಾದ್ರೆ ಏನಂತ ಬರ್ಕೊಡ್ಲಿ?"

ಸೂಪರ್‌ವೈಸರ್ ಮೇಡಂ ಫೋನ್ ಮಾಡಿದ್ದರು. ತಿಂಗಳ ಕೊನೆಗೆ ಮೇಲಕ್ಕೆ ವರದಿ ಕಳಿಸಲೇಬೇಕಂತೆ. "ಕಾಗದ ಇದ್ರೆ ಒಂದು ಥರ ಬರೀತೀನಿ ಸ್ವರ್ಣಲತಾ, ಇಲ್ದಿದ್ರೆ ಬೇರೆ ಥರ ಬರೀಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ." ತಿಳಿದುಕೊಳ್ಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ.

ಜುಲೈ 2, ಬುಧವಾರ

ಒಬ್ಬಳೇ ಹೋದೆ. ಅತ್ತೆಗೆ ಹೇಳಲೇ ಇಲ್ಲ.

ತೌಸಿಫ್ ಗೋಡೆಯಿಂದ ಕೊನೆಯದನ್ನು ಇಳಿಸಿದರು. "ಮಗ್ಗುಲು ಮಲಗೋರು ಸುಮಾರು ಜನ ಕೊನೆಗೆ ಇದಕ್ಕೇ ಬರ್ತಾರೆ ಮೇಡಂ. ಮುಖದ ಮೇಲೆ ಏನೂ ಇರಲ್ಲ. ಎರಡು ಪುಟ್ಟ ಬಟ್ಟಲು, ಹೊಳ್ಳೆಗೆ ಕೂತ್ರೆ ಮುಗೀತು."

ಎಡಗಡೆಯದು ಬೆಣ್ಣೆಯ ಹಾಗೆ ಕೂತಿತು. ಬಲಗಡೆಯದು ಕೂರಲೊಲ್ಲದು. ಚಿಕ್ಕ ಅಳತೆ ಹಾಕಿದರು, ದೊಡ್ಡದು ಹಾಕಿದರು. ಒತ್ತಿದರೆ ಒಳಗೆ ಚುಚ್ಚುತ್ತದೆ, ಕಣ್ಣಲ್ಲಿ ನೀರು. ತೌಸಿಫ್ ನನ್ನ ಮೂಗನ್ನು ನೋಡಿದರು. ತಕ್ಷಣ ಬೇರೆ ಕಡೆ ನೋಡಿದರು. ಏನೋ ಹೇಳಲು ಹೊರಟು ಕೆಮ್ಮಿದರು. ಆಮೇಲೆ ಒಳಗೆ ಹೋಗಿ ಹೆಂಡತಿ ಸುಮಯ್ಯಳನ್ನು ಕರೆದುಕೊಂಡು ಬಂದು, ತಾವು ಹೊರಗೆ ಹೋಗಿ ಗಾಲಿಕುರ್ಚಿ ಒರೆಸುತ್ತ ನಿಂತರು.

ಸುಮಯ್ಯ ನನ್ನ ಹತ್ತಿರ ಕೂತು ಮೆಲ್ಲಗೆ ಹೇಳಿದಳು. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮೂಗುಬಟ್ಟು ಅಡ್ಡ ಬರ್ತಿದೆ. ಒಳಗಡೆ ತಿರುಪು ಇದ್ಯಲ್ಲ, ಅದು. ಅವ್ರಿಗೆ ಹೋದ್ಸಲನೇ ಅನುಮಾನ ಬಂದಿತ್ತಂತೆ. ಮುತ್ತೈದೆಗೆ ಹೆಂಗೆ ಹೇಳೋದು ಅಂತ ಸುಮ್ನಿದ್ರು."

ಮೂಗುಬಟ್ಟು! ಡಾಕ್ಟರು ನನ್ನ ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿದರು. ತೌಸಿಫ್ ಅಳತೆಯ ಪಟ್ಟಿ ಹಿಡಿದು ನೋಡಿದರು. ನಾನು ಊದಿದ ಮೂಗನ್ನು ದಿನಾ ಕನ್ನಡಿಯಲ್ಲಿ ನೋಡಿದೆ. ಮೂಗಿಗೆ ಸೊಟ್ಟ ಅಂತ ಹೆಸರಿಟ್ಟೆನೇ ಹೊರತು ಮೂಗುಬಟ್ಟನ್ನು ತೆಗೆಯಬಹುದು ಎಂಬುದು ತಲೆಗೇ ಬರಲಿಲ್ಲ. ಮದುವೆಯ ದಿನ ಆಚಾರಿ ತಿರುಪು ಬಿಗಿದು ಹೋದದ್ದು, ಅವತ್ತಿನಿಂದ ಅದೂ ಮೂಗೇ.

ಕೆಂಪು ಕಲ್ಲಿನದು. ಅತ್ತೆ ರೇಷ್ಮೆಗೂಡು ಮಾರಿ ಮಾಡಿಸಿದ್ದು.

ಜುಲೈ 3, ಗುರುವಾರ

ತಂದ ಬಟ್ಟಲುಗಳು ಡಬ್ಬದಲ್ಲೇ ಇವೆ. ಇವರಿಗೆ ಫೋನ್ ಮಾಡಿ ಹೇಳಿದೆ. ಜೀಪು ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ, "ನಂಗೇನಿಲ್ಲಪ್ಪ ಲತಾ. ಅವ್ವನ್ನ ಕೇಳು," ಎಂದರು. ಆನೆ ಅಡ್ಡ ಬಂದರೆ ಜೀಪು ನಿಲ್ಲಿಸಿ ಉಸಿರು ಬಿಗಿಹಿಡಿದು ಕೂರುತ್ತಾರಂತೆ. ಅವ್ವ ಅಡ್ಡ ಬಂದರೂ ಅದೇ.

ಅತ್ತೆಯನ್ನು ಏನಂತ ಕೇಳಲಿ? ಒಂದು ಬಳೆ ಒಡೆದರೆ ಇನ್ನೊಂದು ತೊಡುವವರೆಗೆ ನೀರು ಕೊಡದ ಹೆಂಗಸು. ಈಗ ಆಷಾಢ ಬೇರೆ.

ಜುಲೈ 5, ಶನಿವಾರ

ಇವತ್ತು ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬಚ್ಚಲಲ್ಲಿ ಕೂತು ತಿರುಪನ್ನು ನಾನೇ ಬಿಚ್ಚಲು ಹೋದೆ. ತುಕ್ಕು ಹಿಡಿದ ಹಾಗೆ ಕೂತಿದೆ, ಅಲ್ಲಾಡುವುದಿಲ್ಲ. ಉಗುರು ತಾಗಿ ರಕ್ತ ಬಂತು. ಹೊರಗೆ ಬಂದರೆ ಎದುರಿಗೇ ಅತ್ತೆ.

"ಯಾನಮ್ಮಿ ಅದು, ಮೂಗಲ್ಲಿ ರಕ್ತ?"

ಹೇಳಿಬಿಟ್ಟೆ. ಅತ್ತೆಯ ಮುಖ ಕಪ್ಪಿಟ್ಟಿತು. "ಭೀಮನಮಾಸೆ ಹತ್ರ ಬತ್ತಾ ಅದೆ. ಗಂಡ ಗುಂಡ್ಕಲ್ಲಂಗ ಬದ್ಕಿರುವಾಗ್ಲೇ ಮೂಗು ಬೋಳು ಮಾಡ್ಕಂಡಿಯಾ? ಯಾರ ಮನ ಹೆಂಗ್ಸು ನೀನು?"

ನನಗೂ ರೇಗಿತು. ಇಷ್ಟು ದಿನದ್ದೆಲ್ಲ ಬಂತು. ನಿಮಗೆ ನಿಮ್ಮ ಮೂಗುಬಟ್ಟು ಹೆಚ್ಚು, ನನ್ನ ಉಸಿರಲ್ಲ ಎಂದೆ. ಮಗುವನ್ನು ರಸ್ತೆಗೆ ಬಿಟ್ಟವಳು ಅಂತ ಊರೆಲ್ಲ ಆಡಿಕೊಳ್ಳುತ್ತಿದೆ, ಅದು ನಿಮಗೆ ಲೆಕ್ಕಕ್ಕಿಲ್ಲ ಎಂದೆ. "ರಾತ್ರಿಯೆಲ್ಲ ತಿವಿದು ತಿವಿದು ನನ್ನ ನಿದ್ದೆ ಕೆಡಿಸಿದ್ದೇ ನೀವು! ನನ್ನ ಗೊರಕೆ ಕೇಳಲಾಗದಿದ್ದರೆ ಹಜಾರದಲ್ಲಿ ಮಲಗಬೇಕಿತ್ತು!"

ಅತ್ತೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಮುದ್ದೆ ಮಾಡಿ ಕರೆದೆ, ಬರಲಿಲ್ಲ. ನಾನೂ ಉಣ್ಣಲಿಲ್ಲ.

ಜುಲೈ 6, ಭಾನುವಾರ

ಬೆಳಗ್ಗೆ ಅತ್ತೆ ಕೊಬ್ಬರಿ ಎಣ್ಣೆಯ ಬಟ್ಟಲು, ಒಂದು ಎಳೆ ದಾರ ಹಿಡಿದುಕೊಂಡು ಬಂದು ನನ್ನ ಎದುರು ಕೂತರು. "ಬೆಳಕಿಗ ತಿರುಕ್ಕೊ," ಎಂದರು. ಮೂಗಿನ ಒಳಗೂ ಹೊರಗೂ ಎಣ್ಣೆ ಬಿಟ್ಟರು. ಎಣ್ಣೆ ಇಳಿಯಲಿ ಅಂತ ಇಬ್ಬರೂ ಕಾದು ಕೂತೆವು. ಆಗ ಅವರೇ ಶುರು ಮಾಡಿದರು. ಅವರು ಹೇಳಿದ ಹಾಗೇ ಬರೆಯುತ್ತೇನೆ, ನನ್ನ ಮಾತು ಸೇರಿಸುವುದಿಲ್ಲ.

"ನಿಮ್ಮಾವ ಗೊರ್ಕ ಒಡಿತಿದ್ದದ್ದು ನಿಂಗ ಗೊತ್ತಲ್ಲ. ಬೀದಿಯೋರೇ ಎದ್ದು ಕುಂತ್ಕಬೇಕು. ಅವತ್ತು ರಾತ್ರ ಇದ್ದಕ್ಕಿದ್ದಂಗ ನಿಂತೋಯ್ತು. ನಾ ಅನ್ಕಂಡಿ, ಸದ್ಯ, ಇವತ್ತಾರ ಕಣ್ ಮುಚ್ಚನ ಅಂತ. ಮಗ್ಗುಲಾಗಿ ಮನೀಕಂಡಿ. ಒಳ್ಳೆ ನಿದ್ದ ಬಂತು ಕಣಮ್ಮಿ ನಂಗ. ಅಂತಾ ನಿದ್ದ ಯಾವತ್ತೂ ಬಂದಿರ್ನಿಲ್ಲ. ಬೆಳಗಾಗ್ಲು ಮುಟ್ಟುದ್ರ ತಣ್ಣಗಿದ್ರು."

ನನ್ನ ತುಟಿಗಿಳಿದ ಎಣ್ಣೆಯನ್ನು ಸೆರಗಿನಿಂದ ಒರೆಸಿದರು.

"ನಿಂದೂ ಅಂಗೇ ನಿಲ್ತದೆ. ಗೊರ್ಕ ಒಡಿವಾಗ ನಂಗ ಯೋಚ್ನ ಇಲ್ಲ. ನಿಂತಾಗ ಪ್ರಾಣ ಓಯ್ತದೆ. ಅದ್ಕೇ ತಿವಿತೀನಿ. ತಿವುದ್ರ ಉಸ್ರು ಎಳ್ಕತೀಯ. ಮಗ್ಗುಲಾದ್ರ ಒಸಿ ಒತ್ತು ನಿಲ್ಲಕಿಲ್ಲ. ನಂಗೇನ್ ಓದ್ ಬರ ಗೊತ್ತಾ? ಇನ್ಯಾನ ಮಾಡ್ಲಿ?"

ಮಾವ ಹೋಗಿ ಹನ್ನೊಂದು ವರ್ಷ. ಅಷ್ಟು ವರ್ಷವೂ ಈ ಹೆಂಗಸು ರಾತ್ರಿ ಮಲಗಿಲ್ಲ. ನಾನು ಅವರಿಗೆ ಪೊಲೀಸು ಅಂದೆ.

ಅಳು ಬಂತು, ಜೋರಾಗಿ. "ಅಳ್ಬ್ಯಾಡ, ಅಲ್ಲಾಡ್ತದೆ," ಎಂದು ಗದರಿ, ತಿರುಪಿಗೆ ದಾರ ಸುತ್ತಿ, ಒಂದು ಕೈಯಲ್ಲಿ ಬಟ್ಟಿನ ಕಲ್ಲು ಹಿಡಿದು ಇನ್ನೊಂದರಲ್ಲಿ ಎಳೆದರು. ನೋವಾಯಿತು. ಅತ್ತೆ ಮಾತಾಡುತ್ತಲೇ ಇದ್ದರು.

"ನಂದ ತಗ್ದಾಗ ನಾಕ್ ಜನ ಹೆಂಗುಸ್ರು ತಲ ಇಡ್ಕಂಡ್ರು. ಯಾರೂ ನನ್ನ ಕೇಳ್ನಿಲ್ಲ. ಸತ್ತೋರ್ಗೋಸ್ಕರ ತಗ್ದ್ರು. ನಿಂದ ನಾನು ನೀ ಬದ್ಕಿರ್ಲಿ ಅಂತ ತಗೀತಿವ್ನಿ. ಯಾವ ಶಾಪನೂ ತಟ್ಟಕಿಲ್ಲ, ಬುಡು."

ತಿರುಪು ಬಿಟ್ಟಿತು. ಕಲ್ಲನ್ನು ಸೆರಗಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ಅಕ್ಕಿ ಡಬ್ಬದಲ್ಲಿಟ್ಟರು. ಹಿತ್ತಲ ಬೇವಿನ ಮರದಿಂದ ಒಂದು ಎಳೆ ಕಡ್ಡಿ ಮುರಿದು ತಂದರು. ಹಗಲು ಇದನ್ನು ಇಟ್ಟುಕೋ, ತೂತು ಮುಚ್ಚುವುದು ಬೇಡ, ರಾತ್ರಿ ತೆಗೆ ಎಂದರು.

ಜುಲೈ 7, ಸೋಮವಾರ

ನಿದ್ದೆ ಬಂತು.

ಜುಲೈ 8, ಮಂಗಳವಾರ

ಎದ್ದಾಗ ಅಂಗಳ ಒದ್ದೆಯಾಗಿತ್ತು. ರಾತ್ರಿ ಮಳೆ ಬಂದದ್ದು ನನಗೆ ಗೊತ್ತೇ ಇಲ್ಲ.

ಅತ್ತೆಮ್ಮ ಇನ್ನೂ ಮಲಗಿದ್ದರು. ನಾನು ಈ ಮನೆಗೆ ಬಂದಾಗಿನಿಂದ ಅವರು ನನಗಿಂತ ತಡವಾಗಿ ಎದ್ದದ್ದಿಲ್ಲ. ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದೆ. "ಯಾನೂ ಇಲ್ಲ ಬುಡಮ್ಮಿ, ಇನ್ನೊಸಿ ಮನೀಕತೀನಿ," ಎಂದು ಆ ಕಡೆಗೆ ಹೊರಳಿದರು. ವಯಸ್ಸಾಯಿತಲ್ಲ, ಆಯಾಸ ಇರಬೇಕು. ಹಾಲು ನಾನೇ ಕಾಯಿಸಿದೆ.

ಜುಲೈ 15, ಮಂಗಳವಾರ

ಒಂದು ವಾರ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ಬಟ್ಟಲುಗಳು ಮೂಗಲ್ಲಿ ಕೂರುತ್ತವೆ, ಬಲಕ್ಕೆ ಹೊರಳುತ್ತೇನೆ, ಬೆಳಗಾಗುತ್ತದೆ. ಮೊದಮೊದಲು ಬಾಯಿ ತೆರೆದರೆ ಗಾಳಿ ಹೋಗುತ್ತಿತ್ತು. ಈಗ ಅದೂ ನಿಂತಿದೆ. ಅತ್ತೆಮ್ಮನ ಹಳೆ ಸೀರೆ ಮಡಚಿ ದಿಂಬಿನ ಅಂಚಿಗೆ ಹೊಲಿದುಕೊಂಡೆ, ಪಟ್ಟಿ ಕೆನ್ನೆಗೆ ಒತ್ತುವುದಿಲ್ಲ.

ಹಾಲು ತರುವ ಸಣ್ಣಮ್ಮ ನನ್ನ ಮೂಗು ನೋಡಿ, "ನಾಗೇಂದ್ರಣ್ಣ ಉಸಾರವ್ರಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಮ್ಮ ಬಂದರು. "ನನ್ ಮಗ ಎಡ್ ಮುದ್ದ ಉಂಡ್ಬುಟ್ಟು ಡೂಟಿಗ ಓಗವ್ನೆ. ಸೊಸ ಮೂಗ್ನ ನಾನೇ ಬಿಚ್ಚಿವ್ನಿ. ಹಾಲ್ಗ ನೀರು ಕಮ್ಮಿ ಬೆರುಸು, ಓಗು." ಸಣ್ಣಮ್ಮ ಓಟ. ನಾವಿಬ್ಬರೂ ನಕ್ಕೆವು. ನಗು ನಿಲ್ಲಿಸಲು ನೀರು ಕುಡಿಯಬೇಕಾಯಿತು.

ಶನಿವಾರ ಇವರು ಬಂದಿದ್ದಾಗ ಮತ್ತೆ ಆನೆ ಮರಿ ಎಂದರು. ಆನೆ ಮರಿಗೆ ಬೆಲ್ಲ ತಂದಿರಾ ಎಂದು ಕೇಳಿದೆ.

ಜುಲೈ 22, ಮಂಗಳವಾರ

ಕಾಗದ ಸಿಕ್ಕಿತು! ಡಾಕ್ಟರು ಮಿಷನ್ನಿನ ಲೆಕ್ಕ ನೋಡಿ, "ಏನು ಮಾಡಿದ್ರಿ?" ಎಂದರು. "ನಮ್ಮತ್ತೇನ ಕೇಳಿ," ಎಂದೆ. ಅತ್ತೆಮ್ಮ ಪಕ್ಕದಲ್ಲಿ ಬಿಗಿಯಾಗಿ ಕೂತಿದ್ದರು. ಬರುವಾಗ ತೌಸಿಫ್ ಅಂಗಡಿಗೆ ಹೋಗಿ ಸುಮಯ್ಯಳಿಗೆ ಮಲ್ಲಿಗೆ ಕೊಟ್ಟು ಬಂದೆವು. ಸೂಪರ್‌ವೈಸರ್ ಮೇಡಂ ಸೋಮವಾರದಿಂದ ಬನ್ನಿ ಎಂದಿದ್ದಾರೆ.

ಕಾಗದ ಕೊಟ್ಟರೆ ಮೇಡಂ ನಂಬುತ್ತಾರೆ. ಕುಲ್ಸುಂ ಬಿ ನಂಬುತ್ತಾರೆಯೇ?

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಇವರ ಪಾದಪೂಜೆ ಆಯಿತು. ಅತ್ತೆಮ್ಮ "ಮೂಗು ಬೋಳಾದ್ರ ಆಗ್ಲಿ, ಕೈ ತುಂಬ ಬಳ ತೊಟ್ಕೊ ಬಾ," ಎಂದು ಎಳೆದುಕೊಂಡು ಹೋದರು. ಎಲ್ಲಿಗೆ ಅಂತ ಗೊತ್ತಿತ್ತು. ಡಾಕ್ಟರ ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ.

ಕುಲ್ಸುಂ ಬಿ ನನ್ನ ಕೈ ತೆಗೆದುಕೊಂಡರು. ಹಸಿರು ಗಾಜಿನ ಬಳೆ ಏರಿಸುತ್ತ ತಲೆ ಎತ್ತಿದವರು ಮೂಗಿನ ಕಡ್ಡಿ ನೋಡಿ ನಿಂತರು. ಅತ್ತೆಮ್ಮ ಎಲ್ಲವನ್ನೂ ಹೇಳಿದರು. ಗೊರಕೆ, ಮಿಷನ್ನು, ತಿರುಪು, ಮಾವ ಹೋದ ರಾತ್ರಿ ಕೂಡ. ಅದನ್ನು ಹೊರಗಿನವರ ಎದುರು ಹೇಳುತ್ತಾರೆ ಅಂದುಕೊಂಡಿರಲಿಲ್ಲ. ಕುಲ್ಸುಂ ಬಿ "ಯಾ ಅಲ್ಲಾ" ಎಂದು ಅತ್ತೆಮ್ಮನ ಮೊಣಕಾಲು ಮುಟ್ಟಿದರು.

ನಾನು ಕಾಗದ ತೆಗೆದು ತೋರಿಸಲು ಹೋದೆ. "ಕಾಗದ ನಂಗೆ ಬೇಡಮ್ಮ ಮಿಸ್ಸು. ಸೋಮವಾರ ಮಗೂನ ಕರ್ಕೊಂಡ್ ಬರ್ತೀನಿ. ಆದ್ರೆ ನಾನೂ ಕೂತ್ಕೋತೀನಿ. ನೀವು ಮಲಗ್ತೀರೋ ಇಲ್ವೋ, ನನ್ನ ಕಣ್ಣಲ್ಲೇ ನೋಡ್ಬೇಕು."

ನೋಡಲಿ.

ಜುಲೈ 28, ಸೋಮವಾರ

ಮಕ್ಕಳು ಮೊದಲು ನನ್ನ ಮೂಗಿನ ಕಡ್ಡಿ ಮುಟ್ಟಿ ನೋಡಿದರು, ಆಮೇಲೆ ಮಡಿಲೇರಿದರು. ನನ್ನ ದನಿಯಲ್ಲೇ ಪ್ರಾರ್ಥನೆ ಹೇಳಿಸಿದೆ. ನಮ್ಮ ಅಡುಗೆಮನೆಯಲ್ಲಿ ಅತ್ತೆಮ್ಮ ಕೇಳಿಸಿಕೊಂಡಿರಬೇಕು.

ಕುಲ್ಸುಂ ಬಿ ಹೇಳಿದ ಹಾಗೇ ಬಂದರು. ತೆರೆದ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ನನ್ನ ಮೇಲೆ ಕಣ್ಣಿಟ್ಟು ಕೂತರು. ನಾನು ಹಾಡಿಸಿದೆ, ಅವರು ನೋಡಿದರು. ಊಟ ಬಡಿಸಿದೆ, ಅವರು ನೋಡಿದರು. ಅವರಿಗೂ ತಟ್ಟೆ ಕೊಟ್ಟೆ, ಉಂಡರು, ಮತ್ತೆ ನೋಡಿದರು. ಪರೀಕ್ಷೆಗೆ ಕೂತ ಹಾಗಿತ್ತು ನನಗೆ.

ಮಕ್ಕಳನ್ನು ಮಲಗಿಸಿ, ಅವತ್ತು ಕೂತಿದ್ದ ಅದೇ ಗೋಡೆಗೆ ಒರಗಿ ಕೂತೆ. ಪುಟ್ಟಮಲ್ಲಮ್ಮ ಹಿಂದಕ್ಕೆ ಹೋದಳು. ಫ್ಯಾನ್ ಸದ್ದು, ರಸ್ತೆಯಲ್ಲಿ ಲಾರಿ ಸದ್ದು. ನಾನು ಎಚ್ಚರವಾಗಿದ್ದೆ, ಅದಕ್ಕೆ ಕಷ್ಟಪಡಬೇಕಾಗಲಿಲ್ಲ. ಗೋಡೆಯ ಮೇಲಿನ 'ಅ ಆ ಇ ಈ' ಪಟದಲ್ಲಿ ಅಳಿಲಿನ ಬಾಲದ ಬಣ್ಣ ಹೋಗಿದೆ, ಬಳಿಯಬೇಕು ಅಂದುಕೊಳ್ಳುತ್ತಿದ್ದೆ. ಆಗ ಗೊರಕೆ ಕೇಳಿಸಿತು.

ಕುಲ್ಸುಂ ಬಿ! ತಲೆ ಹಿಂದಕ್ಕೆ ಬಿದ್ದಿದೆ, ಬಾಯಿ ತೆರೆದಿದೆ, ಕೈಯಲ್ಲಿನ ತಸ್ಬೀ ಮಣಿಸರ ಜಾರಿ ಮಡಿಲಿಗೆ ಬಿದ್ದಿದೆ. ನಗು ಬಂತು. ನಗುವಷ್ಟರಲ್ಲಿ ಅಫ್ರೀನ್ ಚಾಪೆಯಿಂದ ಎದ್ದಳು. ಅಜ್ಜಿಯ ಚಾಚಿದ ಕಾಲನ್ನು ಜಾಗ್ರತೆಯಿಂದ ದಾಟಿದಳು. ನಾನು ಆಗಲೇ ಎದ್ದಿದ್ದೆ. ಹೊಸಿಲ ಮೇಲೆ ಅವಳ ಕೈ ಹಿಡಿದೆ.

"ಎಲ್ಲಿಗೆ ಕಂದ?"

"ಎಳ್ನೀರು," ಎಂದು ರಸ್ತೆಯ ಆಚೆಯ ಗಾಡಿ ತೋರಿಸಿದಳು. ಅವತ್ತೂ ಅದಕ್ಕೇ ಹೋಗಿದ್ದಳು. ಯಾರೂ ಕೇಳಿರಲಿಲ್ಲ. ಎತ್ತಿಕೊಂಡೆ. ಅವಳ ಮೈ ಬಿಸಿಬಿಸಿಯಾಗಿತ್ತು. ಸಂಜೆ ಅಜ್ಜಿ ಜೊತೆ ಕುಡಿಯೋಣ ಎಂದು ಹೇಳಿ ಬಾಗಿಲು ಹಾಕಿ, ಚಿಲಕ ಇಟ್ಟು, ಮಲಗಿಸಿ ತಟ್ಟಿದೆ.

ತಟ್ಟುತ್ತಿರುವಾಗ ಗೊರಕೆ ನಿಂತಿತು.

ತಿರುಗಿ ನೋಡಿದೆ. ಕುಲ್ಸುಂ ಬಿಯ ಬಾಯಿ ತೆರೆದೇ ಇತ್ತು, ಎದೆ ಏಳುತ್ತಿರಲಿಲ್ಲ. ಕಾದೆ. ಇನ್ನೂ ಏಳಲಿಲ್ಲ. ನನ್ನ ಪ್ರಾಣ ಹೋಯಿತು. ಓಡಿಹೋಗಿ ಅವರ ಪಕ್ಕೆಗೆ ತಿವಿದೆ.

"ಮಗ್ಗುಲಾಗಿ ಕುಲ್ಸುಂ ಬಿ. ಮಗ್ಗುಲಾಗಿ."

ಸರ್ರನೆ ಉಸಿರೆಳೆದುಕೊಂಡರು. ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದರು. ಏನು ಅರ್ಥವಾಯಿತೋ, ಹಾಗೆಯೇ ಚಾಪೆಗೆ ಜಾರಿ, ಬಲಗೈಯನ್ನು ಕೆನ್ನೆಯಡಿ ಇಟ್ಟು ಮತ್ತೆ ಮಲಗಿಬಿಟ್ಟರು. ಎದ್ದ ಮೇಲೆ ತೌಸಿಫ್ ಅಂಗಡಿಯ ವಿಷಯ ಹೇಳಬೇಕು. ಅವರ ಮೂಗಲ್ಲೂ ಒಂದು ಬಿಳಿ ಕಲ್ಲಿದೆ.

ಸೆರಗಿನಿಂದ ನೊಣ ಓಡಿಸುತ್ತ ಎಲ್ಲರೂ ಏಳುವವರೆಗೆ ಅಲ್ಲೇ ಕೂತಿದ್ದೆ.